ಮಗ ಹುಟ್ಟೋಕೆ 18 ವರ್ಷ ಮೊದಲೇ ಅಪ್ಪ ಸತ್ತಿದ್ದ: ವಂಶವೃಕ್ಷವನ್ನು ತಪ್ಪಿಲ್ಲದೆ ಬರೆಯೋದು ಹೇಗೆ

ನನ್ನ ತಾತ ಹುಟ್ಟಿದ್ದು 1911ರಲ್ಲಿ. ಅವರ ಅಪ್ಪ ತೀರಿಕೊಂಡಿದ್ದು 1893ರಲ್ಲಿ. ನಗಬೇಡಿ, ಇದನ್ನು ನೆಟ್‌ಗೆ ಹಾಕಿದವನು ನಾನೇ.

ಆಗಿದ್ದು ಇಷ್ಟು. ಬಳ್ಳಾರಿ ಹತ್ತಿರ ನಮ್ಮ ಹಳೇ ಹೊಲದ ಬದುವಿನಲ್ಲಿ ಮುತ್ತಾತನ ಸಮಾಧಿ ಇದೆ. ಕಲ್ಲಿನ ಮೇಲೆ ಹೆಸರು, ‘ವಿಜಯ ನಾಮ ಸಂವತ್ಸರ’, ಮಾಸ, ತಿಥಿ, ವಾರ ಅಷ್ಟೇ. ಇಸವಿ ಇಲ್ಲ. ಮೊಬೈಲ್‌ನಲ್ಲಿ ಹುಡುಕಿದೆ, ವಿಜಯ ಅಂದರೆ 1893 ಅಂತ ಒಂದು ಪಟ್ಟಿ ಹೇಳಿತು, ಖುಷಿಯಲ್ಲಿ ಫೋಟೊ ಸಮೇತ ಹಾಕಿಬಿಟ್ಟೆ. ಎರಡು ವರ್ಷ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಸೋದರತ್ತೆ ಅದನ್ನು ನೋಡಿ ಫೋನ್ ಮಾಡಿದರು: ‘ಏನಪ್ಪಾ, ನಮ್ಮ ತಾತ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಸಂತೆಗೆ ಕರ್ಕೊಂಡು ಹೋಗ್ತಿದ್ದ, ಅವನನ್ನ ನೀನು ಯಾವಾಗ ಸಾಯಿಸಿದಿ?’

ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಜಯ 1893ರಲ್ಲೂ ಬಂತು, 1953ರಲ್ಲೂ ಬಂತು, 2013ರಲ್ಲೂ ಬಂತು. ಕಲ್ಲಿನಲ್ಲಿದ್ದ ತಿಥಿಯನ್ನೂ ವಾರವನ್ನೂ ಹಳೇ ಪಂಚಾಂಗದ ಜೊತೆ ಇಟ್ಟು ನೋಡಿದೆ. 1953ಕ್ಕೆ ವಾರ ಹೊಂದಿತು, 1893ಕ್ಕೆ ಹೊಂದಲಿಲ್ಲ. ಹತ್ತು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ನನ್ನ 1893 ಬೇರೆಯವರ ಐದು ವಂಶವೃಕ್ಷಗಳಿಗೆ ಹೋಗಿ ಕೂತಿತ್ತು. ಅದರಲ್ಲೊಬ್ಬರಿಗೆ ಬರೆದು ಕೇಳಿದರೆ, ‘ಐದು ಕಡೆ 1893 ಅಂತಾನೇ ಇದೆ, ನಿಮ್ಮ ಅತ್ತೆಯವರಿಗೆ ವಯಸ್ಸಾಗಿದೆ, ಮರೆತಿರಬೇಕು’ ಅಂದರು. ಐದೂ ನನ್ನ ಮರಿಗಳೇ ಅಂತ ಹೇಗೆ ಹೇಳೋದು?

ಐದು ಕಡೆ ಒಂದೇ ತಾರೀಖು ಕಂಡರೆ ಐದು ಸಾಕ್ಷಿ ಸಿಕ್ಕ ಹಾಗಲ್ಲ. ಒಬ್ಬನೇ ಸಾಕ್ಷಿ ಐದು ಸಲ ಮಾತಾಡಿದ್ದಿರಬಹುದು. ಈ ಬರಹದಲ್ಲಿ ಹೇಳೋದೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ.

ಮೊದಲು ಮನೆಯವರನ್ನು ಕೇಳಿ, ಆದರೆ ಇಸವಿ ಕೇಳಬೇಡಿ

‘ಅಜ್ಜಿ ಎಷ್ಟನೇ ಇಸವಿಯಲ್ಲಿ ತೀರಿಕೊಂಡರು?’ ಅಂತ ಕೇಳಿದರೆ ಉತ್ತರ ಬರುತ್ತದೆ, ಆದರೆ ಅದು ಅಂದಾಜು. ಅದರ ಬದಲು ಎಲ್ಲರ ನೆನಪಲ್ಲಿ ನಿಂತಿರುವ ಘಟನೆ ಹಿಡಿದು ಕೇಳಿ. ರಾಯಚೂರು, ಕೊಪ್ಪಳದ ಕಡೆ ‘ರಜಾಕಾರರ ಗಲಾಟೆ ಆದಾಗ ಇದ್ದರಾ?’ ಅಂದರೆ 1947–48 ಸಿಗುತ್ತದೆ. ಹೊಸಪೇಟೆ ಸುತ್ತ ‘ಡ್ಯಾಂ ನೀರು ಬಂದು ಊರು ಬಿಟ್ಟಾಗ?’ ಅಂದರೆ 1953ರ ಆಸುಪಾಸು. ‘ಆಗ ನಿಮ್ಮ ಮದುವೆ ಆಗಿತ್ತಾ, ಕೈಯಲ್ಲಿ ಯಾವ ಮಗು ಇತ್ತು?’ ಅಂತ ಮುಂದುವರಿಸಿ. ಹೆಂಗಸರಿಗೆ ಇದೆಲ್ಲ ಗಂಡಸರಿಗಿಂತ ಚೆನ್ನಾಗಿ ನೆನಪಿರುತ್ತದೆ, ಯಾಕಂದರೆ ಅವರ ಲೆಕ್ಕ ಹೆರಿಗೆಯ ಲೆಕ್ಕ.

ಸಂಬಂಧದ ಮಾತುಗಳನ್ನು ಮಾತ್ರ ಬಿಡಿಸಿ ಬಿಡಿಸಿ ಕೇಳಬೇಕು. ನಮ್ಮಲ್ಲಿ ‘ಮಾವ’ ಅಂದರೆ ತಾಯಿಯ ತಮ್ಮನೂ ಹೌದು, ಗಂಡನ ಅಪ್ಪನೂ ಹೌದು, ಅತ್ತೆಯ ಗಂಡನೂ ಹೌದು. ‘ಅಣ್ಣ’ ಅಂದರೆ ಚಿಕ್ಕಪ್ಪನ ಮಗನೂ ಆಗಬಹುದು. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಲ್ಲಂತೂ ಒಬ್ಬನೇ ಮನುಷ್ಯ ಹುಡುಗಿಗೆ ಸೋದರಮಾವ ಮತ್ತು ಗಂಡ ಎರಡೂ ಆಗಿರುತ್ತಾನೆ. ಇಂಥದ್ದು ತುಂಬಿಸುವಾಗ ಎಷ್ಟೋ ಜನ ಗಾಬರಿಯಾಗಿ ಅದೇ ಹೆಸರಿನ ಇನ್ನೊಬ್ಬನನ್ನು ಹೊಸದಾಗಿ ಸೃಷ್ಟಿ ಮಾಡುತ್ತಾರೆ. ಹಾಗೆ ಮಾಡಬೇಡಿ. ಒಬ್ಬನೇ ಮನುಷ್ಯ ಎರಡು ಗೆರೆಗಳಲ್ಲಿ ಬರಲಿ. ಆ್ಯಪ್ ಎಚ್ಚರಿಕೆ ಕೊಟ್ಟರೆ ಕೊಡಲಿ, ಅದಕ್ಕೆ ನಮ್ಮ ಕಡೆಯ ಮದುವೆಗಳು ಗೊತ್ತಿಲ್ಲ.

ಹೆಳವರು ಬಂದರೆ ಬಿಡಬೇಡಿ. ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬಂದು ಮನೆ ಮುಂದೆ ನಿಂತು ಹಿರಿಯರ ಹೆಸರು ಹೇಳುವವರು ಈಗ ಕಡಿಮೆಯಾಗಿದ್ದಾರೆ, ಬಂದರೂ ಗಾಡಿಯಲ್ಲೇ ಬರುತ್ತಾರೆ. ನನಗೆ ಅವರ ಪುಸ್ತಕದ ಮೇಲೆ ನೆಟ್‌ಗಿಂತ ಜಾಸ್ತಿ ನಂಬಿಕೆ. ಮನೆಯವರು ಬದುಕಿದ್ದಾಗಲೇ, ಅವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದು ಅದು. ಆದರೆ ಅದು ಗಂಡು ಸಾಲಿನ ಪಟ್ಟಿ. ಹೆಣ್ಣುಮಕ್ಕಳನ್ನು ಅದರಲ್ಲಿ ಹುಡುಕಿದರೆ ನಿರಾಸೆಯಾಗುತ್ತದೆ.

ಕಲ್ಲಿನ ಮುಂದೆ ನಿಂತಾಗ

ರುದ್ರಭೂಮಿ, ಖಬರಸ್ತಾನ, ಕ್ರೈಸ್ತರ ಸಮಾಧಿ ತೋಟ, ಯಾರದೋ ಹೊಲದ ಗದ್ದುಗೆ, ಎಲ್ಲಿಗೆ ಹೋದರೂ ಮೊದಲು ಅಲ್ಲಿಯವರನ್ನು ಕೇಳಿ ಒಳಗೆ ಹೋಗಿ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರಕ್ಕೆ ನೆರಳು ಬರುತ್ತದೆ, ಓದಲು ಸುಲಭ. ಬಳ್ಳಾರಿಯ ಮಧ್ಯಾಹ್ನದಲ್ಲಿ ಕಲ್ಲೂ ಕಾಣಲ್ಲ, ನಿಮಗೂ ತಲೆ ಸುತ್ತುತ್ತದೆ. ಮಧ್ಯಾಹ್ನವೇ ಹೋಗಬೇಕಾಗಿ ಬಂದರೆ ಒಂದು ಕನ್ನಡಿ ಒಯ್ದು ಪಕ್ಕದಿಂದ ಬೆಳಕು ಹಾಯಿಸಿ. ಸೀಮೆಸುಣ್ಣ ಉಜ್ಜಬೇಡಿ, ಶೇವಿಂಗ್ ಕ್ರೀಮ್ ಬಳಿಯಬೇಡಿ, ತಂತಿ ಬ್ರಷ್ಷಂತೂ ಬೇಡವೇ ಬೇಡ. ಮೆತ್ತನೆ ಬ್ರಷ್, ಬರೀ ನೀರು ಸಾಕು. ಪದರ ಪದರವಾಗಿ ಏಳುತ್ತಿರುವ ಕಡಪ ಕಲ್ಲಾದರೆ ನೀರೂ ಬೇಡ, ಮುಟ್ಟದೆ ಫೋಟೊ ತೆಗೆಯಿರಿ.

ಮೂರು ಫೋಟೊ ಬೇಕು. ಅಕ್ಷರಗಳು ಕಾಣುವ ಹಾಗೆ ಹತ್ತಿರದ್ದೊಂದು, ಇಡೀ ಕಲ್ಲಿನದ್ದೊಂದು, ಅಕ್ಕಪಕ್ಕದ ಸಮಾಧಿಗಳೂ ಬರುವ ಹಾಗೆ ದೂರದಿಂದ ಒಂದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಆದರೆ ಹೆಂಡತಿ ಯಾರು, ಸಣ್ಣ ವಯಸ್ಸಲ್ಲಿ ಹೋದ ಮಗು ಯಾರದ್ದು ಅನ್ನೋದು ಹೆಚ್ಚಾಗಿ ತಿಳಿಯೋದು ಅದರಿಂದಲೇ. ಮೊಬೈಲ್‌ನ ಲೊಕೇಶನ್ ಆನ್ ಇರಲಿ.

ಕಲ್ಲಿನಲ್ಲಿ ಏನಿದೆಯೋ ಅದನ್ನು ತಪ್ಪು ಸಮೇತ, ಸಾಲು ಸಾಲಾಗಿ ಬರೆದುಕೊಳ್ಳಿ. ‘ಸಿದ್ದಪ’ ಅಂತ ಕೆತ್ತಿದ್ದರೆ ‘ಸಿದ್ದಪ್ಪ’ ಅಂತ ತಿದ್ದಬೇಡಿ. ಓದಲಾಗದ ಅಕ್ಷರಕ್ಕೆ ಪ್ರಶ್ನೆ ಚಿಹ್ನೆ ಹಾಕಿ. ನಿಮ್ಮ ಊಹೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಒಂದರೊಳಗೊಂದು ಬೆರೆಸಬೇಡಿ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಸವೆದರೆ ಒಂದೇ ತರ ಕಾಣುತ್ತವೆ, ೧ರ ಬಾಲ ಹೋದರೆ ೦ ಆಗುತ್ತದೆ. ಬಳ್ಳಾರಿಯಲ್ಲಿ ತೆಲುಗು ಬರಹದ ಕಲ್ಲುಗಳೂ ಇವೆ. ಅಕ್ಷರ ನಮ್ಮವೇ ಅನಿಸಿ ಓದಿಕೊಂಡು ಹೋಗುತ್ತೇವೆ, ಹೆಸರು ಅಲ್ಲೇ ಕೆಡುತ್ತದೆ. ಉರ್ದು ಕಲ್ಲಾದರೆ ಓದಲು ಬರುವವರನ್ನೇ ಕರೆದುಕೊಂಡು ಹೋಗಿ.

ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ. ಈ ಕಲ್ಲನ್ನು ಯಾವಾಗ ನೆಟ್ಟರು? ನಮ್ಮಲ್ಲಿ ಮಣ್ಣು ಮಾಡಿದ ತಕ್ಷಣ ಕಲ್ಲು ನೆಡೋದು ಕಡಿಮೆ. ಮಗನ ಕೈಯಲ್ಲಿ ದುಡ್ಡು ಆಡಿದಾಗ, ಎಷ್ಟೋ ವರ್ಷದ ಮೇಲೆ ಕಟ್ಟೆ ಕಟ್ಟಿಸಿ ಗ್ರಾನೈಟ್ ಹಾಕಿಸುತ್ತಾರೆ. ಹೊಳೆಯುವ ಗ್ರಾನೈಟ್ ಮೇಲೆ ಕಂಪ್ಯೂಟರ್ ಅಕ್ಷರದಲ್ಲಿ 1938 ಅಂತ ಇದ್ದರೆ ಅದು 1938ರ ದಾಖಲೆ ಅಲ್ಲ, ಮೊಮ್ಮಕ್ಕಳ ನೆನಪು. ಹುಟ್ಟಿದ ತಾರೀಖಂತೂ ಇನ್ನೂ ದೂರದ ಮಾತು. ಸತ್ತ ದಿನ ನೋಡಿದವರು ಇರುತ್ತಾರೆ, ಎಂಬತ್ತು ವರ್ಷದ ಹಿಂದೆ ಹುಟ್ಟಿದ ದಿನ ನೋಡಿದವರು ಯಾರು ಉಳಿದಿರುತ್ತಾರೆ?

ಇಸವಿ ಮಾಡುವ ಲೆಕ್ಕ

ಶಕ ವರ್ಷಕ್ಕೆ 78 ಸೇರಿಸಿ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ ಅನ್ನೋದು ನೆನಪಿರಲಿ. ಅದೇ ವಿಜಯ ಸಂವತ್ಸರದ ಶ್ರಾವಣ 1953ರಲ್ಲಿ ಬಂದರೆ ಮಾಘ ಬರೋದು 1954ರಲ್ಲಿ. ಹಿಜರಿ ವರ್ಷ ಸುಮಾರು 354 ದಿನದ್ದು, ಅದಕ್ಕೆ ಒಂದೇ ಸಂಖ್ಯೆ ಕೂಡಿಸಿ ಕಳೆದು ಆಗಲ್ಲ, ಕೋಷ್ಟಕವೇ ಬೇಕು.

ಫಸಲಿ, ಅಂದರೆ ಕಂದಾಯದ ಲೆಕ್ಕಕ್ಕೆ ಇಟ್ಟ ವರ್ಷ, ಅದನ್ನು ಮಾತ್ರ ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಯವರು ಚೆನ್ನಾಗಿ ಕಲಿಯಲೇಬೇಕು. ಹಳೇ ಭೂದಾಖಲೆಯಲ್ಲೆಲ್ಲ ಅದೇ. 590 ಸೇರಿಸಿದರೆ ಇಸವಿ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಸರಿ, ಆದರೆ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, ಅಲ್ಲಿ ಫಸಲಿ ವರ್ಷ ಜುಲೈ 1ಕ್ಕೆ ಶುರು. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು, ಅಲ್ಲಿ ಕೊನೆಗಾಲದಲ್ಲಿ ವರ್ಷ ಶುರುವಾಗುತ್ತಿದ್ದದ್ದು ಅಕ್ಟೋಬರ್‌ನಲ್ಲಿ. ಒಂದು ಉದಾಹರಣೆ ನೋಡಿ. ಹೈದರಾಬಾದ್ ಸಂಸ್ಥಾನದ ಜಹಗೀರು ರದ್ದಾದದ್ದು 1949ರ ಆಗಸ್ಟ್‌ನಲ್ಲಿ, ಆದರೆ ಆ ಕಾನೂನಿನ ಹೆಸರಲ್ಲಿ ಇರೋದು 1358 ಫಸಲಿ. ಅದೇ ದಿನ ಬಳ್ಳಾರಿಯ ಕರಣಂ (ಊರ ಲೆಕ್ಕ ಬರೆಯುವವನು) ಲೆಕ್ಕದಲ್ಲಿ 1359 ಆಗಿತ್ತು. ತುಂಗಭದ್ರೆಯ ಈ ದಡಕ್ಕೂ ಆ ದಡಕ್ಕೂ ಒಂದು ವರ್ಷ ವ್ಯತ್ಯಾಸ. ತಿಂಗಳ ಹೆಸರು ಆಜೂರ್, ದೈ, ಬಹಮನ್ ಅಂತ ಇದ್ದರೆ ಅದು ನಿಜಾಮರ ಕಡೆಯ ಕಾಗದ.

ಊರು ಎಲ್ಲಿತ್ತು ಅನ್ನೋದೂ ಹೀಗೇ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು, ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ‘ಬಳ್ಳಾರಿ ಜಿಲ್ಲೆಯಲ್ಲಿ ತೀರಿಕೊಂಡರು’ ಅಂತ ಹಳೇ ಕಾಗದ ಹೇಳಿದರೆ ಆ ಸಮಾಧಿ ಇವತ್ತಿನ ಆಂಧ್ರದಲ್ಲಿರಬಹುದು. ಸಂಡೂರು 1949ರವರೆಗೆ ಬೇರೆ ಸಂಸ್ಥಾನ. ಕೊಪ್ಪಳ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕೆ ಮೊದಲು ರಾಯಚೂರು. ಹರಪನಹಳ್ಳಿಯದ್ದಂತೂ ಕೇಳಬೇಡಿ: ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ವಾಪಸ್ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆದ್ದರಿಂದ ಊರಿನ ಹೆಸರನ್ನು ಎರಡು ಸಲ ಬರೆಯಿರಿ, ಅಂದು ಯಾವ ಜಿಲ್ಲೆ, ಇಂದು ಯಾವ ಜಿಲ್ಲೆ. ಹಳೇ ನಾರಾಯಣದೇವರಕೆರೆಯವರಾದರೆ ಊರೇ ತುಂಗಭದ್ರಾ ಡ್ಯಾಂ ನೀರಲ್ಲಿದೆ, ಜನ ಮರಿಯಮ್ಮನಹಳ್ಳಿಗೆ ಬಂದರು. ಅಂಥ ಹಿರಿಯರ ಸಮಾಧಿಗೆ ಮರಿಯಮ್ಮನಹಳ್ಳಿಯ ಮೇಲೆ ಪಿನ್ ಹಾಕಿದರೆ ಅದು ಸುಳ್ಳು.

ನೆಟ್‌ನಲ್ಲಿ ಸಿಗುವ ಸಮಾಧಿ ಪುಟಗಳು

ಫೈಂಡ್ ಎ ಗ್ರೇವ್ ಅನ್ನುವ ವೆಬ್‌ಸೈಟ್ 1995ರಲ್ಲಿ ಶುರುವಾಗಿದ್ದು, 2013ರಿಂದ ಆನ್ಸೆಸ್ಟ್ರಿ ಕಂಪನಿಯ ಕೈಯಲ್ಲಿದೆ. ಯಾರು ಬೇಕಾದರೂ ಪುಟ ಮಾಡಬಹುದು, ಸಮಾಧಿ ನೋಡಿರಲೇಬೇಕು ಅಂತೇನಿಲ್ಲ. ಪೇಪರ್‌ನ ಶ್ರದ್ಧಾಂಜಲಿ ನೋಡಿ ಮಾಡಿದ ಪುಟಗಳಿವೆ, ಬೇರೆ ವಂಶವೃಕ್ಷದಿಂದ ಎತ್ತಿದ್ದೂ ಇವೆ. ಬಿಲಿಯನ್‌ಗ್ರೇವ್ಸ್‌ನಲ್ಲಿ ಲೊಕೇಶನ್ ಸಮೇತ ಫೋಟೊ ಇರುತ್ತದೆ, ಅದು ವಾಸಿ. ಆದರೆ ಫೋಟೊದಲ್ಲಿರೋದನ್ನು ಬರೆಯುವವರು ಎಲ್ಲೋ ಕೂತ ಸ್ವಯಂಸೇವಕರು. ಫ್ಯಾಮಿಲಿ ಸರ್ಚ್‌ನಲ್ಲಿ ಇಡೀ ಜಗತ್ತಿಗೆ ಒಂದೇ ವಂಶವೃಕ್ಷ, ನೀವು ಬರೆದದ್ದನ್ನು ನಾಳೆ ಇನ್ನೊಬ್ಬರು ಬದಲಿಸಬಹುದು. ಯಾರು, ಯಾಕೆ ಬದಲಿಸಿದರು ಅನ್ನೋದು ಮಾತ್ರ ಅಲ್ಲಿ ಉಳಿಯುತ್ತದೆ, ಅದನ್ನು ತೆರೆದು ಓದಿ.

ಯಾವುದೇ ಪುಟ ಸಿಕ್ಕರೂ ಮೊದಲು ಕಲ್ಲಿನ ಫೋಟೊ ಇದೆಯಾ ನೋಡಿ. ಇಲ್ಲದಿದ್ದರೆ ಅದು ಸುಳಿವು ಮಾತ್ರ. ಫೋಟೊ ಇದ್ದರೆ ಪುಟದಲ್ಲಿ ಬರೆದಿರೋದರಲ್ಲಿ ಎಷ್ಟು ಕಲ್ಲಿನ ಮೇಲಿದೆ ನೋಡಿ. ಕಲ್ಲಿನಲ್ಲಿ ಬರೀ ವರ್ಷ ಇದ್ದು ಪುಟದಲ್ಲಿ ತಾರೀಖು, ತಿಂಗಳು, ಹುಟ್ಟಿದ ಊರು, ಅಪ್ಪ ಅಮ್ಮ ಎಲ್ಲ ಇದ್ದರೆ ಆ ಹೆಚ್ಚಿನದೆಲ್ಲ ಬೇರೆ ಎಲ್ಲಿಂದಲೋ ಬಂದಿದೆ. ಎಲ್ಲಿಂದ ಅಂತ ಪುಟ ಮಾಡಿದವರನ್ನೇ ಕೇಳಿ. ಅಪ್ಪ ಅಮ್ಮನ ಪುಟಕ್ಕೆ ಹಾಕಿದ ಕೊಂಡಿಯೂ ಯಾರದೋ ಅಭಿಪ್ರಾಯವೇ.

ಸ್ಮಾರಕ ಬೇರೆ, ಸಮಾಧಿ ಬೇರೆ. ಮಂತ್ರಾಲಯದ ಕಥೆಯಲ್ಲಿ ಬರುತ್ತಾನಲ್ಲ ಥಾಮಸ್ ಮನ್ರೋ, 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಬಂದ ಮೊದಲ ಪ್ರಿನ್ಸಿಪಲ್ ಕಲೆಕ್ಟರ್. ಅವನು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಮಣ್ಣು ಮಾಡಿದ್ದು ಗುತ್ತಿಯಲ್ಲಿ. ಆಮೇಲೆ ಅಲ್ಲಿಂದ ತೆಗೆದು ಮದ್ರಾಸ್ ಕೋಟೆಯ ಸೇಂಟ್ ಮೇರಿ ಚರ್ಚ್‌ಗೆ ಒಯ್ದರು. ಸತ್ತದ್ದು ಒಂದು ಊರು, ಮೊದಲು ಹೂತದ್ದು ಇನ್ನೊಂದು, ಈಗ ಇರೋದು ಮೂರನೆಯದು. ಲಾಟಸಾಹೇಬನ ಕಥೆ ಆದ್ದರಿಂದ ಇಷ್ಟೂ ದಾಖಲಾಗಿ ಉಳಿದಿದೆ, ನಮ್ಮಂಥವರದ್ದಾಗಿದ್ದರೆ ಒಂದೇ ಊರು ಉಳಿಯುತ್ತಿತ್ತು, ಅದೂ ತಪ್ಪಾಗಿ. ಹಾಗೇ ಚೆನ್ನೈನಲ್ಲಿ ಮೊದಲ ಮಹಾಯುದ್ಧದ ಸ್ಮಾರಕವೊಂದಿದೆ. ಬೇರೆ ಬೇರೆ ಕಂಟೋನ್ಮೆಂಟ್ ಊರುಗಳಲ್ಲಿ ಹೂತ, ಆದರೆ ಸಮಾಧಿಯನ್ನು ನೋಡಿಕೊಳ್ಳಲು ಆಗದ ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಅಲ್ಲಿವೆ. ಹೆಸರು ಚೆನ್ನೈನಲ್ಲಿದೆ ಅಂತ ದೇಹವೂ ಚೆನ್ನೈನಲ್ಲಿದೆ ಅಂದುಕೊಳ್ಳಬೇಡಿ.

ಬಳ್ಳಾರಿ ಕಂಟೋನ್ಮೆಂಟ್ ಕಡೆಯ ಹಳೇ ಇಂಗ್ಲಿಷ್ ಸಮಾಧಿಗಳ ಬಗ್ಗೆ ಹೊರದೇಶದವರು ಆಗಾಗ ಫೋಟೊ ಕೇಳುತ್ತಾರೆ. ಸಹಾಯ ಮಾಡಿ, ಪುಣ್ಯದ ಕೆಲಸ. ಆ ಕಾಲದ ಪಾದ್ರಿಗಳು ಬರೆದ ಪಟ್ಟಿಯ ನಕಲು ಮದ್ರಾಸ್‌ಗೆ, ಅಲ್ಲಿಂದ ಲಂಡನ್‌ಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ, ನೆಟ್‌ನಲ್ಲೂ ಸಿಗುತ್ತವೆ. ಅಲ್ಲಿ ಸಿಗೋದು ನಕಲಿನ ನಕಲು ಅನ್ನೋದು ತಲೆಯಲ್ಲಿರಲಿ. ಹೂತ ದಿನವನ್ನು ಸತ್ತ ದಿನದ ಜಾಗದಲ್ಲಿ ತುಂಬಿಸೋದು ಅಲ್ಲಿ ಬಹಳ ಕಾಣುವ ತಪ್ಪು. ನಮ್ಮ ಊರಿನ ಬಿಸಿಲಿಗೆ ಅದು ಒಂದೇ ದಿನದ ವ್ಯತ್ಯಾಸ ಇರುತ್ತದೆ, ಆದರೂ ತಪ್ಪು ತಪ್ಪೇ.

ಸರ್ಕಾರಿ ಕಾಗದ ಅಂತ ಕಣ್ಣು ಮುಚ್ಚಬೇಡಿ

ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೆ ಹಿಂದೆ ಊರಲ್ಲಿ ಶಾನುಭೋಗರೋ ಕರಣಮೋ ಪಟವಾರಿಯೋ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮರಣ ಪತ್ರ ಸಿಕ್ಕರೆ ಸತ್ತ ದಿನಾಂಕದ ಜೊತೆ ನೋಂದಣಿ ದಿನಾಂಕವನ್ನೂ ನೋಡಿ. ಎರಡರ ನಡುವೆ ಮೂವತ್ತು ವರ್ಷ ಇದ್ದರೆ, ಆಸ್ತಿ ವಿಷಯಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ತಂದು ಬರೆಸಿದ್ದು, ಅಂದರೆ ಅದೂ ಯಾರದೋ ನೆನಪು. ಶಾಲೆಯ ಟಿಸಿಯಲ್ಲಿ ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ನಕ್ಕು ಮುಂದೆ ಹೋಗಿ, ಮೇಷ್ಟ್ರು ಹಾಕಿದ್ದು.

ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಬೇಕಾಗಿ ಮಾಡಿಸಿದ್ದು. ಮಕ್ಕಳಿಲ್ಲದೆ ಹೋದ ದೊಡ್ಡಪ್ಪ, ಮೊದಲ ಹೆಂಡತಿ, ಕೂಸಾಗಿದ್ದಾಗಲೇ ತೀರಿಕೊಂಡವರು, ಇವರೆಲ್ಲ ಅದರಲ್ಲಿ ಬಿಟ್ಟುಹೋಗಿರೋದು ಸಾಮಾನ್ಯ. ಹಳೇ ಪಹಣಿ, ವಾರಸಾ ಮ್ಯುಟೇಶನ್ ನನಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿವೆ. ಖಾತೆ ಅಪ್ಪನಿಂದ ಮಗನಿಗೆ ಬದಲಾದ ವರ್ಷ ತಿಳಿದರೆ ಅಪ್ಪ ಅದಕ್ಕೆ ಮೊದಲೇ ಹೋಗಿರಬೇಕು ಅನ್ನುವ ಗಡಿಯಾದರೂ ಸಿಗುತ್ತದೆ. ಬದುಕಿದ್ದಾಗಲೇ ಭಾಗ ಮಾಡಿಕೊಟ್ಟಿರಲಿಲ್ಲವಾ ಅಂತ ಒಮ್ಮೆ ನೋಡಿಕೊಳ್ಳಿ.

ಒಂದೇ ಹೆಸರಿನ ಮೂವರು ಬಸಪ್ಪ

ತಾತನ ಹೆಸರು ಮೊಮ್ಮಗನಿಗೆ ಇಡೋದು ನಮ್ಮ ರೂಢಿ. ಅಣ್ಣ ತಮ್ಮ ಇಬ್ಬರೂ ತಮ್ಮ ತಮ್ಮ ಮಗನಿಗೆ ಅದೇ ಹೆಸರಿಟ್ಟರೆ ಒಂದೇ ಮನೆತನದಲ್ಲಿ, ಒಂದೇ ಊರಲ್ಲಿ, ಮೂವರು ಬಸಪ್ಪಂದಿರು. ಹೆಸರು ಹೊಂದಿತು ಅಂತ ಸಮಾಧಿಯನ್ನು ಜೋಡಿಸಬೇಡಿ. ಹೆಸರಿನ ಜೊತೆ ಅಪ್ಪನ ಹೆಸರು, ಹೆಂಡತಿಯ ಹೆಸರು, ಹೊಲದ ಸರ್ವೆ ನಂಬರ್ ಇವುಗಳಲ್ಲಿ ಕನಿಷ್ಠ ಎರಡು ಹೊಂದಬೇಕು, ಅದು ನಾನು ಇಟ್ಟುಕೊಂಡ ನಿಯಮ. ಆಮೇಲೆ ಬೆರಳಲ್ಲಿ ಲೆಕ್ಕ ಹಾಕಿ. ಮಗು ಹುಟ್ಟಿದಾಗ ತಾಯಿಗೆ ಎಷ್ಟು ವಯಸ್ಸು? ಅಪ್ಪ ಬದುಕಿದ್ದನಾ? ಈ ಎರಡೇ ಪ್ರಶ್ನೆ ಕೇಳಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಪ್ರತಿ ತಾರೀಖಿನ ಪಕ್ಕ ಒಂದು ಸಾಲು ಬರೆದಿಡಿ: ಯಾರು ಹೇಳಿದರು, ಯಾವ ಕಾಗದ, ನಾನು ಯಾವಾಗ ನೋಡಿದೆ, ಕಣ್ಣಾರೆ ನೋಡಿದ್ದೋ ಬೇರೆಯವರು ಬರೆದದ್ದನ್ನು ಓದಿದ್ದೋ. ನೋಟ್‌ಬುಕ್ ಆದರೂ ಸರಿ. ಎರಡು ತಾರೀಖು ಜಗಳ ಆಡಿದರೆ ಒಂದನ್ನು ಅಳಿಸಬೇಡಿ, ಎರಡನ್ನೂ ಇಟ್ಟು ನಿಮಗೆ ಯಾವುದು ಸರಿ ಅನಿಸುತ್ತದೆ, ಯಾಕೆ ಅಂತ ಬರೆಯಿರಿ.

ಬದುಕಿರುವವರನ್ನು ನೆಟ್‌ಗೆ ಹಾಕಬೇಡಿ. ತಾಯಿಯ ತವರಿನ ಹೆಸರು, ಹುಟ್ಟಿದ ದಿನ ಇಂಥವನ್ನೇ ಗುರುತಿಗೆ ಕೇಳುವ ಕಡೆಗಳಿವೆ. ಪ್ರಮಾಣಪತ್ರದ ಫೋಟೊ ಹಾಕುವ ಮೊದಲು ಆಧಾರ್ ನಂಬರ್, ವಿಳಾಸ ಮುಚ್ಚಿ. ಹೋದ ತಿಂಗಳಷ್ಟೇ ತೀರಿಕೊಂಡವರ ಪುಟವನ್ನು ಅವರ ಮಕ್ಕಳಿಗಿಂತ ಮೊದಲು ಮಾಡಲು ಓಡುವವರೂ ಇದ್ದಾರೆ. ಅದು ಬಹಳ ಕೆಟ್ಟದ್ದು, ಮನೆಯವರೇ ಮಾಡಲಿ ಬಿಡಿ.

ತಪ್ಪು ಕಂಡರೆ ಫೈಂಡ್ ಎ ಗ್ರೇವ್‌ನಲ್ಲಿ ಪುಟದಲ್ಲೇ ತಿದ್ದುಪಡಿ ಸೂಚಿಸಬಹುದು, ನಾಲ್ಕು ತಲೆಮಾರಿನೊಳಗಿನ ಸಂಬಂಧಿಯಾದರೆ ಪುಟವನ್ನೇ ನಿಮಗೆ ವಹಿಸಿ ಅಂತ ಕೇಳಬಹುದು. ಜಗಳದ ದನಿಯಲ್ಲಿ ಬರೆಯಬೇಡಿ, ಕಲ್ಲಿನ ಫೋಟೊ ಮತ್ತು ಲೆಕ್ಕ ಎರಡನ್ನೂ ಕಳಿಸಿ. ನಾನು ಐದು ಜನಕ್ಕೂ ಹಾಗೇ ಬರೆದೆ, ತಪ್ಪು ನನ್ನದೇ ಅಂತ ಮೊದಲ ಸಾಲಲ್ಲೇ ಒಪ್ಪಿಕೊಂಡು. ಮೂವರು ಆ ವಾರವೇ 1953 ಮಾಡಿದರು. ನಾಲ್ಕನೆಯವರಿಂದ ಉತ್ತರವಿಲ್ಲ. ಅತ್ತೆಯವರಿಗೆ ಮರೆವು ಅಂದಿದ್ದರಲ್ಲ, ಅವರು ‘1893 ಅಥವಾ 1953’ ಅಂತ ಬರೆದುಕೊಂಡಿದ್ದಾರೆ. ಅತ್ತೆಗೆ ಇನ್ನೂ ಹೇಳಿಲ್ಲ.